ದೊಡ್ಡಿಯ ಗೋಡೆ ಮುಟ್ಟಿದ ತಂತಿ

ಕೆ.ಟಿ. ದೊಡ್ಡಿ ಮಂಡಲವಾದದ್ದು 2016ರ ಅಕ್ಟೋಬರಿನಲ್ಲಿ, ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆಯ ಜೊತೆಗೆ. ಅದಕ್ಕೆ ತಿಂಗಳ ಮುಂಚೆಯಷ್ಟೇ ಜಿಯೊ ಸೇವೆ ಶುರುವಾಗಿತ್ತು. ತಹಸೀಲ್ದಾರ್ ಕಚೇರಿಯೂ ಅಗ್ಗದ ಇಂಟರ್ನೆಟ್ಟೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದ ಊರಿದು. ಹಾಗಾಗಿ ಇಲ್ಲಿನ ಹುಡುಗರಿಗೆ ನೆಟ್ ಎಂದರೆ ಜೇಬಿನಲ್ಲಿರುವುದು. ಅದು ತಂತಿಯಾಗಿ ಗೋಡೆ ದಾಟಿ ಮನೆಯೊಳಗೆ ಬರಬೇಕು ಎಂಬ ಮಾತು ಈಗೀಗ ಕೇಳಿಬರುತ್ತಿದೆ. ಇಲ್ಲಿಗೆ ತಲುಪಲು ಈ ಗಡಿನಾಡು ನಡೆದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಬೇಕು.

1956ರ ನವೆಂಬರ್ 1ಕ್ಕೆ ಮೊದಲು ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು, ಇವೆರಡು ಆಗಿನ ಆಂಧ್ರಪ್ರದೇಶಕ್ಕೆ ಬಂದವು. ಬೀಗತನ ಮಾತ್ರ ಬದಲಾಗಲಿಲ್ಲ. ಸಂತೆ, ಆಸ್ಪತ್ರೆ, ಮಗಳ ಗಂಡನ ಮನೆ ಎಲ್ಲವೂ ರಾಯಚೂರಿನ ಕಡೆಗೇ ಉಳಿದವು. ಆದರೆ ದೂರವಾಣಿ ಇಲಾಖೆಯ ಲೆಕ್ಕದಲ್ಲಿ ರಾಯಚೂರು ಬೇರೆ ರಾಜ್ಯದ ಊರು. ರಾಯಚೂರಿನ ಕೋಡ್ 08532 ಒತ್ತಿದ ಕ್ಷಣದಿಂದ ಎಸ್‌ಟಿಡಿ ಬೂತಿನ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು, ಮಾತನಾಡುವವರ ಕಣ್ಣು ಅದರ ಮೇಲೆಯೇ ನೆಟ್ಟಿರುತ್ತಿತ್ತು. ಕುಶಲ ಕೇಳುವುದರೊಳಗೆ ಮಾತು ಮುಗಿಸಬೇಕಿತ್ತು. ಬಿಎಸ್‌ಎನ್‌ಎಲ್ 2006ರ ಮಾರ್ಚ್ 1ರಿಂದ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆ ತಂದಾಗ ಬೆಂಗಳೂರಿನವರು ಅದನ್ನು ಒಂದು ರಿಯಾಯಿತಿ ಎಂದುಕೊಂಡಿರಬಹುದು. ಗಡಿಯವರ ಪಾಲಿಗೆ ಅದು ಐವತ್ತು ವರ್ಷ ಹಿಂದೆ ಎಳೆದಿದ್ದ ಗೆರೆಯನ್ನು ಅರ್ಧ ಅಳಿಸಿದ ದಿನ.

ಹಳ್ಳಿ ಫೋನಿನ ಕಥೆಯಲ್ಲಿ ಕನ್ನಡನಾಡಿಗೆ ಒಂದು ಹೆಮ್ಮೆಯ ಪುಟವಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ರೂಪಿಸಿದ 128 ಪೋರ್ಟುಗಳ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದ ಸಾಮಾನ್ಯ ಕೋಣೆಯಲ್ಲಿ, ನಮ್ಮ ಬಿಸಿಲು ದೂಳಿನ ನಡುವೆ ನಡೆಯಬೇಕೆಂದೇ ಅದನ್ನು ಮಾಡಿದ್ದರು. ದೇಶದ ಸಾವಿರಾರು ಹಳ್ಳಿಗಳಿಗೆ ಡಯಲ್ ಟೋನ್ ತಲುಪಿಸಿದ್ದು ಅದೇ ಯಂತ್ರ.

ಎಕ್ಸ್‌ಚೇಂಜ್ ಬಂತು ಎಂದರೆ ಮನೆಗೆ ಲೈನ್ ಬಂತು ಎಂದಲ್ಲ. ಕಂಬದ ಡಿಪಿ ಬಾಕ್ಸಿನಿಂದ ಮನೆಯ ರೋಸೆಟ್‌ವರೆಗೆ ಜೋಡಿ ತಂತಿ ಎಳೆಯಬೇಕು. ಮಳೆಗಾಲದಲ್ಲಿ ಅದರ ಕೀಲುಗಳಿಗೆ ನೀರಿಳಿದು ಗೊರಗೊರ ಸದ್ದು ಬರುತ್ತಿತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಇದೇ ತಾಮ್ರದ ಮೇಲೆ ಬ್ರಾಡ್‌ಬ್ಯಾಂಡ್ ಕೊಡತೊಡಗಿತು. ಮಾತು ಕೆಳಗಿನ ಕಂಪನಾಂಕಗಳಲ್ಲಿ, ನೆಟ್ ಮೇಲಿನವುಗಳಲ್ಲಿ. ನಡುವೆ ಎರಡನ್ನೂ ಬೇರ್ಪಡಿಸುವ ಸಣ್ಣ ಸ್ಪ್ಲಿಟರ್. ಜಾಣತನದ ಏರ್ಪಾಟು ನಿಜ. ಆದರೆ ತಂತಿ ನಾಲ್ಕೈದು ಕಿಲೋಮೀಟರು ದಾಟಿದರೆ ಅದರ ಶಕ್ತಿಯೇ ಉಡುಗುತ್ತದೆ. ಊರು ಊರಿನ ನಡುವೆ ಹೊಲವೇ ತುಂಬಿರುವ ಈ ಸೀಮೆಗೆ ಆ ಲೆಕ್ಕ ಒಗ್ಗಲಿಲ್ಲ. ಮೊಬೈಲ್ ಗೆದ್ದಿತು. ಅದೂ ಗಡಿಯ ಕಾಟ ತಪ್ಪಿಸಿಕೊಳ್ಳಲಿಲ್ಲ: ರಾಯಚೂರಿನಲ್ಲಿ ಬಸ್ಸಿಳಿದವರ ಸಿಮ್ಮು ಕರ್ನಾಟಕದ ಟವರ್ ಹಿಡಿದರೆ ರೋಮಿಂಗ್, ಬಂದ ಕರೆಗೂ ದುಡ್ಡು. ಆ ಕಾಟ ಪೂರ್ತಿ ತೀರಿದ್ದು 2017ರ ಹೊತ್ತಿಗೆ.

ಜೇಬಿನಲ್ಲಿ ನೆಟ್ ಇರುವಾಗ ಮನೆಗೆ ತಂತಿ ಯಾಕೆ ಎಂದು ಕೇಳುವವರಿದ್ದಾರೆ. ಇದು ಹತ್ತಿ ಬೀಜ ಬೆಳೆಯುವ ಸೀಮೆ. ಹೂವಿನ ಕಾಲದಲ್ಲಿ ಅಪ್ಪ ಅವ್ವ ಬೆಳಗಾಗುತ್ತಲೇ ಹೊಲಕ್ಕೆ ಹೋಗುತ್ತಾರೆ, ಮನೆಯ ಒಂದೇ ಫೋನು ಅವರ ಜೊತೆ ಹೋಗುತ್ತದೆ. 2020ರಲ್ಲಿ ಶಾಲೆ ಮುಚ್ಚಿ ಪಾಠ ಪರದೆಗೆ ಬಂದಾಗ ಇದರ ಪೆಟ್ಟು ತಿಂದವರು ಮಕ್ಕಳು. ತಂತಿಯ ನೆಟ್ ಮನೆಯದು, ಯಾರ ಜೇಬಿನದ್ದೂ ಅಲ್ಲ. ಮನೆಯಲ್ಲಿ ಉಳಿದ ಅಜ್ಜಿಗೂ ಹುಡುಗಿಗೂ ಅದು ಸಮನಾಗಿ ಸಿಗುತ್ತದೆ. ಈ ಕಾರಣಕ್ಕಾಗಿಯೇ ಅದು ಬೇಕೆಂದು ನಾವು ಹೇಳುತ್ತಿರುವುದು.

2011ರಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಯೋಜನೆ ಮುಂದೆ ಭಾರತ್‌ನೆಟ್ ಎಂಬ ಹೆಸರಿನಲ್ಲಿ ಪಂಚಾಯಿತಿಗಳಿಗೆ ಫೈಬರ್ ಎಳೆಯಿತು. ತೆಲಂಗಾಣವು ಮಿಷನ್ ಭಗೀರಥದ ನೀರಿನ ಪೈಪಿಗೆ ಅಗೆದ ಗುಂಡಿಯಲ್ಲೇ ಫೈಬರಿನ ಕೊಳವೆಯನ್ನೂ ಹೂಳಿತು. ಎರಡು ಸಲ ನೆಲ ಅಗೆಯುವ ಖರ್ಚು ಉಳಿಸಿದ ಒಳ್ಳೆಯ ಯೋಚನೆಯದು. 2024ರ ಡಿಸೆಂಬರಿನಲ್ಲಿ ಟಿ-ಫೈಬರ್ ಎಂಬ ರಾಜ್ಯದ ಈ ಜಾಲ ಪ್ರಾಯೋಗಿಕವಾಗಿ ಮನೆ ಸೇರಿದ ಕೆಲವೇ ಹಳ್ಳಿಗಳಲ್ಲಿ ಪಕ್ಕದ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು.

ಈಗ ಉಳಿದಿರುವುದು ಕಂಬದಿಂದ ಕೋಣೆಯವರೆಗಿನ ಕೆಲವು ಮೀಟರು. ನಮ್ಮ ಕಾಳಜಿಯೆಲ್ಲ ಅಲ್ಲೇ ಇದೆ. ಫೈಬರ್ ಗಾಜು, ತಾಮ್ರದ ಹಾಗೆ ಮೂಲೆಗೆ ಮಡಚಿ ಮೊಳೆ ಹೊಡೆದರೆ ಬೆಳಕು ಸೋರಿಹೋಗುತ್ತದೆ. ಕಿಟಕಿಯ ಸಂದಿಯಲ್ಲಿ ತೂರಿಸಿದ ಕೇಬಲ್ಲನ್ನು ಬಾಗಿಲು ಜಜ್ಜುತ್ತದೆ, ಇಲಿ ಕಡಿಯುತ್ತದೆ. ಆಗ ಮನೆಯೊಳಗಿನ ಫೈಬರ್ ಪೆಟ್ಟಿಗೆಯ ಮೇಲೆ, ಬೆಳಕು ತಲುಪುತ್ತಿಲ್ಲವೆಂದು ತಿಳಿಸುವ ‘ಲಾಸ್’ ದೀಪ ಕೆಂಪಗಾಗುತ್ತದೆ. ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು, ಕರೆಂಟ್ ಹೋದರೂ ಅದು ಮಾತನಾಡುತ್ತಿತ್ತು. ಫೈಬರ್ ಪೆಟ್ಟಿಗೆಗೆ ಕೂಡಿಸಿದ ಫೋನು ಕರೆಂಟಿನ ಜೊತೆಗೇ ಸಾಯುತ್ತದೆ. ಮುದುಕರಷ್ಟೇ ಇರುವ ಮನೆಗೆ ಸಂಪರ್ಕ ಕೊಡುವವರು ಸಣ್ಣ ಯುಪಿಎಸ್ ಬೇಕೆಂದು ಮೊದಲೇ ಹೇಳಬೇಕು.

ಹೇಳುವವರು ಯಾರು? 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಪಡೆದರು. ಕಂಬ ಕಂಬದ ಗುರುತಿದ್ದ ಲೈನ್‌ಮ್ಯಾನುಗಳ ತಲೆಮಾರು ಅವರೊಂದಿಗೆ ಹೋಯಿತು. ಇಂದು “ಕೆಂಪು ಲೈಟ್ ಬಂದದ, ನೆಟ್ ಹೋಗ್ಯದ” ಎನ್ನುವ ಅಜ್ಜಿಗೆ ಅವಳ ಮಾತಿನಲ್ಲೇ ಉತ್ತರ ಸಿಗಬೇಕು. ಫೈಬರ್ ಬೆಸೆಯುವುದು ಕಲಿಯಲಾರದ ವಿದ್ಯೆಯೇನಲ್ಲ. ಕನ್ನಡ ತೆಲುಗು ಎರಡೂ ಬಲ್ಲ ಹುಡುಗ ಹುಡುಗಿಯರು ಇಲ್ಲಿ ಬೇಕಾದಷ್ಟಿದ್ದಾರೆ. ಮಂಡಲದಲ್ಲಿ ಕೆಲವರಿಗಾದರೂ ಬೆಸೆಯುವ ಯಂತ್ರ ಕೊಟ್ಟು ತರಬೇತಿ ನೀಡುವುದು ಟಿ-ಫೈಬರಿನ ಹೊಣೆಯೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಕೆಲಸಕ್ಕೆ ಸರ್ಕಾರವನ್ನು ಕಾಯಬೇಕಾಗಿಲ್ಲ. ರಾಜ್ಯ ಸರ್ಕಾರದ ಐದು ಲಕ್ಷ ರೂಪಾಯಿ ನೆರವಿನ ಇಂದಿರಮ್ಮ ಮನೆಗಳು ಕಟ್ಟುವ ಹಂತದಲ್ಲಿವೆ. ಕರೆಂಟಿನ ಪೈಪು ಕೂರಿಸುವಾಗಲೇ ಹೊರಗೋಡೆಯಿಂದ ನಡುಮನೆಗೆ ಇನ್ನೊಂದು ಪ್ರತ್ಯೇಕ ಪೈಪು ಹಾಕಿಸಿ, ಮೂಲೆಯಲ್ಲಿ ದೊಡ್ಡ ಬೆಂಡು ಕೊಡಿಸಿ, ಒಳಗೊಂದು ಎಳೆತಂತಿ ಬಿಡಿಸಬೇಕು. ಅದರ ಬಾಯಿ ತೆರೆಯುವಲ್ಲೇ ಒಂದು ಪ್ಲಗ್ ಪಾಯಿಂಟೂ ಇರಲಿ. ಗಿಲಾವು ಆದಮೇಲೆ ಇದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ. ಮೇಸ್ತ್ರಿಗೆ ಈ ವಾರವೇ ಹೇಳಿ.