ನಗುವಾಗ ಇಲ್ಲದ ಮುಜುಗರ



‘ಸಕುಟುಂಬ ಸಪರಿವಾರ ಸಮೇತ ನೋಡಬಹುದಾದ ಚಿತ್ರ’ ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. ಆ ಕುಟುಂಬದೊಳಗೆ ಯಾರು ಯಾರು ಸೇರಿದ್ದಾರೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಯೊಂದು ತೆರೆಗೆ ಬಂದರೆ ಸಾಕು, ಬೊಬ್ಬೆ ಏಳುತ್ತದೆ. ಇದು ಮನೆಮಂದಿ ನೋಡುವಂಥದ್ದಲ್ಲ, ಮಕ್ಕಳು ಕೆಡುತ್ತಾರೆ, ಪಶ್ಚಿಮದಿಂದ ಬಂದ ರೋಗ ಎಂಬ ಮಾತುಗಳು. (ಪತ್ರಿಕೆಗಳು ಇವರನ್ನು ‘ಸಲಿಂಗಕಾಮಿಗಳು’ ಎಂದೇ ಬರೆಯುತ್ತವೆ. ಗಂಡ ಹೆಂಡಿರನ್ನು ನಾವು ‘ಕಾಮಿಗಳು’ ಎಂದು ಕರೆಯುವುದಿಲ್ಲ. ಆದ್ದರಿಂದ ಇಲ್ಲಿ ಸಲಿಂಗಪ್ರೇಮಿಗಳು ಎಂದೇ ಬರೆಯುತ್ತೇನೆ.)

2021ರ ಅಕ್ಟೋಬರಿನಲ್ಲಿ ಡಾಬರ್ ಕಂಪನಿಯ ಒಂದು ಜಾಹೀರಾತು ಬಂತು. ಇಬ್ಬರು ಯುವತಿಯರು ಕರ್ವಾ ಚೌತ್ ಹಬ್ಬಕ್ಕೆ ಸಿದ್ಧರಾಗುತ್ತಾರೆ, ಮನೆಯ ಹಿರಿಯಳು ಇಬ್ಬರಿಗೂ ಸೀರೆ ಕೊಡುತ್ತಾಳೆ, ರಾತ್ರಿ ಅವರು ಜರಡಿಯ ಮೂಲಕ ಪರಸ್ಪರ ಮುಖ ನೋಡುತ್ತಾರೆ. ಇಷ್ಟೇ. ಉಪವಾಸ, ಹಬ್ಬ, ಹಿರಿಯರ ಉಡುಗೊರೆ. ಇದಕ್ಕಿಂತ ಹೆಚ್ಚು ‘ಕೌಟುಂಬಿಕ’ವಾದದ್ದು ಏನಿದ್ದೀತು? ಆದರೆ ಮಧ್ಯಪ್ರದೇಶದ ಗೃಹ ಸಚಿವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಕಂಪನಿ ಜಾಹೀರಾತನ್ನು ಹಿಂದೆಗೆದುಕೊಂಡು ಕ್ಷಮೆ ಕೇಳಿತು. ಆ ವ್ರತದ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದು ಲೇಖನಕ್ಕಿರಲಿ.

ಈಗ ಇನ್ನೊಂದು ಮಗ್ಗುಲು ನೋಡೋಣ. 2003ರ ‘ಕಲ್ ಹೋ ನಾ ಹೋ’ ಹಿಂದಿ ಚಿತ್ರದಲ್ಲಿ ಇಬ್ಬರು ಗೆಳೆಯರನ್ನು ಪ್ರೇಮಿಗಳೆಂದು ತಪ್ಪು ತಿಳಿದು ಮನೆಗೆಲಸದ ಕಾಂತಾಬೆನ್ ಮತ್ತೆ ಮತ್ತೆ ಹೌಹಾರುತ್ತಾಳೆ. ಇಡೀ ದೇಶ ಅಜ್ಜಿ ಮೊಮ್ಮಕ್ಕಳ ಸಮೇತ ನಕ್ಕಿತು. 2008ರ ‘ದೋಸ್ತಾನಾ’ದಲ್ಲಿ ಬಾಡಿಗೆ ಮನೆಗಾಗಿ ಇಬ್ಬರು ಗಂಡಸರು ಜೋಡಿಯೆಂದು ನಟಿಸುತ್ತಾರೆ. ಅದಕ್ಕೂ ನಕ್ಕೆವು. ಆಗ ಮಕ್ಕಳು ಕೆಡಲಿಲ್ಲವೇ? ಸಂಸ್ಕೃತಿಗೆ ಪೆಟ್ಟು ಬೀಳಲಿಲ್ಲವೇ? ಅಂದರೆ ಈ ಜನ ತೆರೆಯ ಮೇಲೆ ಇರುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಅವರು ಮರ್ಯಾದೆಯಿಂದ ಇರಬಾರದು ಎಂಬುದೇ ನಮ್ಮ ಹಟ.

ದೂರದ ಹಿಂದಿ ಚಿತ್ರಗಳನ್ನು ಬಿಡಿ. ನಮ್ಮ ಜಾತ್ರೆಗಳಿಗೇ ಬನ್ನಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಮುಕ್ಕಾಂ ಹೂಡುತ್ತವೆ, ನಮ್ಮ ಮಠಗಳ ಜಾತ್ರೆಗಳಲ್ಲೂ ನಾಟಕವಿಲ್ಲದೆ ರಾತ್ರಿ ಕಳೆಯದು. ಅಲ್ಲಿ ಸೊಂಟ ಬಳುಕಿಸಿ ಚಪ್ಪಾಳೆ ತಟ್ಟುವ ಒಂದು ಹಾಸ್ಯಪಾತ್ರ ಎಷ್ಟು ನಾಟಕಗಳಲ್ಲಿ ಬರುವುದಿಲ್ಲ! ಸಲಿಂಗಪ್ರೇಮಿ ಬೇರೆ, ಲಿಂಗತ್ವ ಅಲ್ಪಸಂಖ್ಯಾತರು ಬೇರೆ ಎಂಬ ತಿಳಿವಳಿಕೆಯೂ ಆ ಹಾಸ್ಯಕ್ಕಿಲ್ಲ, ಎಲ್ಲರನ್ನೂ ಒಂದೇ ಬೈಗುಳದಲ್ಲಿ ಕಟ್ಟಿಬಿಡುತ್ತದೆ. ಪೆಂಡಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತ ಹದಿನಾರರ ಹುಡುಗನೊಬ್ಬ ತನ್ನ ಬಗ್ಗೆ ಇನ್ನೂ ಯಾರಿಗೂ ಹೇಳಿರುವುದಿಲ್ಲ. ತಾಯಿ ನಗುವುದನ್ನು ಅವನು ನೋಡುತ್ತಾನೆ. ಇನ್ನು ಮುಂದೆ ಹೇಳುವುದೂ ಇಲ್ಲ.

ಹೇಳದೆ ಉಳಿದ ಆ ಮಾತಿನ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಮಲಯಾಳದ ‘ಕಾದಲ್’ ಚಿತ್ರ ತೋರಿಸಿತು. 2023ರ ನವೆಂಬರಿನಲ್ಲಿ ಬಂದ, ಜಿಯೋ ಬೇಬಿ ನಿರ್ದೇಶನದ ಚಿತ್ರ. ಮಮ್ಮುಟ್ಟಿಯವರು ತಾವೇ ನಿರ್ಮಿಸಿ, ತಾವೇ ಆ ಪಾತ್ರ ಮಾಡಿದರು. ಊರಲ್ಲಿ ಒಳ್ಳೆಯ ಹೆಸರಿರುವ, ಸ್ಥಳೀಯ ಚುನಾವಣೆಗೆ ನಿಂತ ಗೃಹಸ್ಥ. ಅದೇ ಹೊತ್ತಿಗೆ ಹೆಂಡತಿ ವಿಚ್ಛೇದನಕ್ಕೆ ಅರ್ಜಿ ಹಾಕುತ್ತಾಳೆ, ಗಂಡ ಸಲಿಂಗಪ್ರೇಮಿ ಎಂಬುದೇ ಕಾರಣ. ಚಿತ್ರದಲ್ಲಿ ಅಶ್ಲೀಲವಾದ ಒಂದು ದೃಶ್ಯವಿಲ್ಲ. ಇರುವುದು ಊಟದ ಮೇಜು, ಮಗಳು, ವಯಸ್ಸಾದ ತಂದೆ, ಕೋರ್ಟು. ಜ್ಯೋತಿಕಾ ಅಭಿನಯಿಸಿದ ಆ ಹೆಂಡತಿ ಗಂಡನನ್ನು ದ್ವೇಷಿಸುವುದಿಲ್ಲ. ವರ್ಷಗಟ್ಟಲೆ ಸವೆದುಹೋದ ತನ್ನ ಬಾಳನ್ನು ವಾಪಸು ಕೇಳುತ್ತಾಳೆ, ಅವನಿಗೂ ಬಿಡುಗಡೆ ಬೇಕೆನ್ನುತ್ತಾಳೆ. ಕೇರಳ ಸರ್ಕಾರ ಆ ವರ್ಷದ ಶ್ರೇಷ್ಠ ಚಿತ್ರ ಪ್ರಶಸ್ತಿಯನ್ನು ಇದಕ್ಕೇ ಕೊಟ್ಟಿತು.

‘ಮದುವೆ ಮಾಡಿದರೆ ಸರಿಹೋಗುತ್ತಾನೆ.’ ಈ ಮಾತನ್ನು ನಮ್ಮ ಓಣಿಗಳಲ್ಲಿ ಕೇಳದವರು ಯಾರಿದ್ದಾರೆ? ಹುಡುಗನನ್ನು ಸರಿಮಾಡಲು ಯಾರದೋ ಮನೆಯ ಹೆಣ್ಣುಮಗಳನ್ನು ತರುತ್ತೇವೆ. ಅವಳಿಗೆ ಏನನ್ನೂ ಹೇಳುವುದಿಲ್ಲ. ಮಕ್ಕಳಾಗದಿದ್ದರೆ ಬಂಜೆ ಎಂಬ ಹೆಸರೂ ಅವಳಿಗೇ. ಹೆಣ್ಣಿಗೆ ಸಮಾನ ಸ್ಥಾನ ಕೊಟ್ಟ ಪರಂಪರೆ ನಮ್ಮದೆಂದು ವೇದಿಕೆಗಳ ಮೇಲೆ ಹೆಮ್ಮೆಪಡುವ ನಾವು, ಈ ಮೋಸದ ಕಲ್ಯಾಣಗಳಿಗೆ ಅಕ್ಷತೆ ಹಾಕಿ ಉಂಡು ಬರುತ್ತಿದ್ದೇವೆ. ಈ ಕಥೆಯನ್ನು ಮನೆಮಂದಿ ಒಟ್ಟಿಗೆ ಕೂತು ನೋಡಬಾರದೆಂದರೆ ಇನ್ನಾರು ನೋಡಬೇಕು?

ಸಿನಿಮಾ ನೋಡಿ ಯಾರೂ ಹೀಗಾಗುವುದಿಲ್ಲ. ಗಂಡು ಹೆಣ್ಣಿನ ಪ್ರೇಮದ ಸಾವಿರಾರು ಚಿತ್ರ ನೋಡಿಯೂ ಇವರು ಬದಲಾಗಲಿಲ್ಲವಲ್ಲ! ಇದು ರೋಗವಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಇದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರಲ್ಲಿ ಇವರ ಮದುವೆಗೆ ಮಾನ್ಯತೆ ಕೊಡಲು ಅದೇ ಕೋರ್ಟು ಒಪ್ಪಲಿಲ್ಲ. ಕಾನೂನಿನ ಹಾದಿ ಇನ್ನೂ ಉದ್ದವಿದೆ. ನಮ್ಮ ನಗುವನ್ನು ತಿದ್ದಿಕೊಳ್ಳಲು ಯಾವ ತೀರ್ಪೂ ಬೇಕಿಲ್ಲ.

ಕನ್ನಡದಲ್ಲಿ ಮಾದರಿ ಇಲ್ಲವೆಂದಲ್ಲ. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರ ಮಂಗಳಮುಖಿಯೊಬ್ಬರ ಬದುಕನ್ನು ಗೌರವದಿಂದ ತೋರಿಸಿತು. ದಿವಂಗತ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಆ ಪಾತ್ರಕ್ಕೇ. ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟ ನಾವು ಎಷ್ಟು ಜನ ಅದನ್ನು ಮಕ್ಕಳೊಂದಿಗೆ ನೋಡಿದೆವು?

ಮುಂದಿನ ಜಾತ್ರೆಗಳಿಗೆ ನಾಟಕ ಗೊತ್ತುಮಾಡುವ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂಗಡ ಕೊಡುವ ಮೊದಲು ನಾಟಕದ ಪ್ರತಿ ತರಿಸಿ ಓದಿ. ಆ ಚಪ್ಪಾಳೆಯ ಪಾತ್ರ ಇದ್ದರೆ ತೆಗೆಯಲು ಹೇಳಿ. ಕಂಪನಿಯವರು ಒಪ್ಪದಿದ್ದರೆ ಆ ರಾತ್ರಿ ಮಠದ ಬಯಲಲ್ಲಿ ಪರದೆ ಕಟ್ಟಿ ಲಿಂಗದೇವರು ಅವರ ಚಿತ್ರವನ್ನು ಹಾಕಿಸಿ. ಪರದೆ, ಪ್ರೊಜೆಕ್ಟರಿನ ಬಾಡಿಗೆ ನಾಟಕದ ಖರ್ಚಿಗಿಂತ ಹೆಚ್ಚಾಗದು.