ನೀರಿನ ದಾರಿಯ ಹಕ್ಕು

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲೆಸಿರುವ ಬೆಂಗಳೂರಿಗೆ ಸಮೀಪದಲ್ಲಿ ಉಕ್ಕಿ ಹರಿಯುವ ಮಹಾನದಿ ಯಾವುದೂ ಇಲ್ಲ. ಇಂತಹ ಪಟ್ಟಣದಲ್ಲಿ ಪ್ರವಾಹವೆಂದರೆ ನಮ್ಮ ಹಿಂದಿನವರು ನಂಬುತ್ತಿರಲಿಲ್ಲ. ಆದರೂ 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಮಹದೇವಪುರ ಕಡೆಯ ಗೃಹಸ್ಥರು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಮನೆ ಬಿಟ್ಟು ಹೊರಬರಬೇಕಾಯಿತು. 2025ರ ಮೇ ತಿಂಗಳಲ್ಲಿ ಸಾಯಿ ಬಡಾವಣೆಯವರ ಮನೆಗಳಿಗೂ ನೀರು ನುಗ್ಗಿತು. ಮಳೆ ನಿಂತಿತು, ಮಂತ್ರಿಗಳು ಬಂದು ನೋಡಿ ಹೋದರು. ರಸ್ತೆ ಒಣಗುವುದರೊಳಗೆ ವಿಷಯವೂ ಮರೆತುಹೋಗುವುದು ನಮ್ಮಲ್ಲಿ ವಾಡಿಕೆಯಾಗಿದೆ.

ವಾಯುಗುಣವೇ ಬದಲಾಗಿರುವಾಗ ತಾವೇನು ಮಾಡಬಲ್ಲೆವೆಂದು ಅಧಿಕಾರಿಗಳು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗಾಳಿಯ ಶಾಖವು ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶವು ಶೇಕಡಾ 7ರಷ್ಟು ಹೆಚ್ಚುವುದೆಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ಹಲವು ದಿನಗಳಲ್ಲಿ ಬೀಳುತ್ತಿದ್ದ ಮಳೆಯು ಕೆಲವೇ ಗಂಟೆಗಳಲ್ಲಿ ಸುರಿಯುವ ಸಂಭವವು ಇದರಿಂದ ಅಧಿಕವಾಗಿದೆ. ಆದರೆ ಹೆಚ್ಚು ನೀರು ಬರುವುದೆಂದು ತಿಳಿದವನು ಕಾಲುವೆಯನ್ನು ಅಗಲಮಾಡಬೇಕಲ್ಲವೇ? ನಾವು ಮಾಡಿರುವುದಾದರೂ ಏನು? 2021ರಲ್ಲಿ ವಿಧಾನಮಂಡಲದ ಮುಂದೆ ಬಂದ ಮಹಾಲೇಖಪಾಲರ ವರದಿಯನ್ನು ನೋಡಬೇಕು. 20ನೆಯ ಶತಮಾನದ ಆದಿಭಾಗದಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿಲೋಮೀಟರು, ವೃಷಭಾವತಿ ಕಣಿವೆಯಲ್ಲಿ 226 ಕಿಲೋಮೀಟರು ಇದ್ದ ಕಾಲುವೆಗಳು 2016-17ರ ವೇಳೆಗೆ ಕ್ರಮವಾಗಿ ಸುಮಾರು 63 ಮತ್ತು 112 ಕಿಲೋಮೀಟರುಗಳಿಗೆ ಇಳಿದಿದ್ದವು. ಈ ನಷ್ಟಕ್ಕೆ ವರುಣನು ಹೊಣೆಗಾರನಲ್ಲ.

ನಮ್ಮ ಪೂರ್ವಿಕರು ಒಂದರ ಕೆಳಗೊಂದಾಗಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುತ್ತಿತ್ತು. ತೂಬನ್ನು ಎಂದು ಎತ್ತಬೇಕು, ಎಂದು ಇಳಿಸಬೇಕೆಂಬುದನ್ನು ನೀರುಗಂಟಿಯು ಬಲ್ಲವನಾಗಿದ್ದನು. ಇಂದು ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉಳಿದ ಕೆರೆಗಳಲ್ಲಿ ಅನೇಕವು ಕೊಳಚೆ ನೀರಿನಿಂದ ವರ್ಷವಿಡೀ ತುಂಬಿಯೇ ಇರುವುದರಿಂದ ಮಳೆಯ ನೀರಿಗೆ ಅಲ್ಲಿ ಎಡೆಯಿಲ್ಲ. ತುಂಬಿದ ಕೊಡದ ಮೇಲೆ ನೀರು ಸುರಿದರೆ ಅದು ನೆಲದ ಪಾಲಾಗುವುದು ಸಹಜವೇ.

ಹೀಗಿರುವಲ್ಲಿ 2025ರ ಆಗಸ್ಟ್ ತಿಂಗಳಲ್ಲಿ ವಿಧಾನಮಂಡಲದ ಮುಂದೆ ಬಂದ ಕೆರೆ ಮಸೂದೆಯು ನಮ್ಮನ್ನು ಚಿಂತೆಗೀಡುಮಾಡಿತು. 2014ರ ಕಾಯಿದೆಯು ಕೆರೆ ಯಾವುದಾದರೂ ಆಗಲಿ, ಅದರ ಅಂಚಿನಿಂದ 30 ಮೀಟರುಗಳೊಳಗೆ ಕಟ್ಟಡ ಕೂಡದೆಂದು ವಿಧಿಸಿತ್ತು. ಕೆರೆ ಚಿಕ್ಕದಾದಷ್ಟೂ ಈ ಮೀಸಲು ನೆಲವೂ ಕಿರಿದಾಗಲೆಂಬುದೇ ಮಸೂದೆಯ ತತ್ತ್ವ. ಮಸೂದೆಯ ಗತಿ ಏನೇ ಆಗಲಿ, ಈ ತತ್ತ್ವವನ್ನು ನಾವು ಒಪ್ಪಲಾರೆವು. ದೊಡ್ಡ ಕೆರೆಯನ್ನು ಕಾಪಾಡುವುದೇ ಮೇಲಿನ ಚಿಕ್ಕ ಕೆರೆಗಳು. ಅವನ್ನು ಸಣ್ಣವೆಂದು ಬಿಟ್ಟುಕೊಟ್ಟರೆ ಕೆಳಗಿರುವ ಬೆಳ್ಳಂದೂರಿಗೂ ವರ್ತೂರಿಗೂ ತಡೆಯಿಲ್ಲದೆ ನೀರು ಧಾವಿಸುವುದು.

ನಿವೇಶನದ ಒಡೆಯರ ಸಂಕಟವನ್ನು ನಾವು ಅರಿಯೆವೆಂದಲ್ಲ. ಸಾಲ ಮಾಡಿ, ಕ್ರಯಪತ್ರ ನೋಂದಾಯಿಸಿ, ಕಂದಾಯವನ್ನೂ ಸಲ್ಲಿಸುತ್ತ ಬಂದ ಸಂಸಾರಸ್ಥನಿಗೆ, ಅವನ ಮನೆ ಕಾಲುವೆಯ ಮೇಲಿದೆಯೆಂದು ಇಪ್ಪತ್ತು ವರ್ಷಗಳ ಮೇಲೆ ತಿಳಿಸುವುದು ನ್ಯಾಯವಲ್ಲ. ಆದರೆ ಆ ನಕ್ಷೆಗೆ ಮಂಜೂರಾತಿಯ ಮುದ್ರೆಯೊತ್ತಿದವರಾರು? ಮನೆ ಕೆಡವುವ ಯಂತ್ರವು ಬರುವ ಮೊದಲು ಈ ಪ್ರಶ್ನೆಗೆ ಉತ್ತರ ಬರಬೇಕು. ಬಡವನ ಗೋಡೆಯ ಮುಂದೆ ಓಡುವ ಆ ಯಂತ್ರವು ಧನಿಕರ ಪ್ರಾಕಾರದ ಮುಂದೆ ನಿಲ್ಲುವುದೂ ಸಲ್ಲದು.

ಸರ್ಕಾರದವರು ಮುಂದಿನ ಮುಂಗಾರಿಗೆ ಮೊದಲೇ ಮೂರು ಕಾರ್ಯಗಳನ್ನು ಕೈಗೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಹಳೆಯ ಗ್ರಾಮನಕ್ಷೆಗಳಲ್ಲಿರುವ ಪ್ರತಿಯೊಂದು ಕಾಲುವೆಯನ್ನೂ ನೆಲದ ಮೇಲೆ ಗುರುತಿಸಿ ಕಲ್ಲು ನೆಟ್ಟು, ಆ ಪಟ್ಟಿಯನ್ನು ಜನರ ಮುಂದಿಡಲಿ. ಕೊಳಚೆಯನ್ನು ರಾಜಕಾಲುವೆಯಿಂದ ಬೇರ್ಪಡಿಸಿ, ಮಳೆಗಾಲಕ್ಕೆ ಮುಂಚೆ ಕೆರೆಗಳ ಮಟ್ಟವನ್ನು ತೂಬಿನ ಮೂಲಕ ಇಳಿಸುವ ಏರ್ಪಾಡಾಗಲಿ. ನಗರವನ್ನು 2025ರಲ್ಲಿ ಐದು ಪಾಲಿಕೆಗಳಾಗಿ ವಿಭಾಗಿಸಲಾಯಿತಾದರೂ, ನಗರದ ನಡುವೆ ಬಿದ್ದ ಮಳೆಯು ಪಾಲಿಕೆಯ ಎಲ್ಲೆ ಕೇಳದೆ ಬೆಳ್ಳಂದೂರಿಗಿಳಿಯುತ್ತದೆ; ಆದುದರಿಂದ ಒಂದೊಂದು ಕಣಿವೆಗೂ, ತಲೆಯಿಂದ ಬುಡದವರೆಗೆ, ಒಬ್ಬ ಅಧಿಕಾರಿಯೇ ಹೊಣೆಯಾಗಲಿ.

ಪರರ ಆಳ್ವಿಕೆಯಲ್ಲಿ ನಮ್ಮ ಊರುಗಳ ದುಃಸ್ಥಿತಿಗೆ ಪರರನ್ನು ದೂರುತ್ತಿದ್ದೆವು. ಈಗ ಆಳುವವರೂ ನಾವೇ, ಮುಳುಗುವವರೂ ನಾವೇ. ಕಾಲುವೆಯ ನೆಲ ಸಾರ್ವಜನಿಕರ ಸ್ವತ್ತು. ಅದನ್ನು ಕಾಯಲಾರದ ಸ್ವರಾಜ್ಯವು ಪೌರರ ಮನೆಯ ಹೊಸ್ತಿಲನ್ನು ಹೇಗೆ ತಾನೇ ಕಾದೀತು?