ಎಐ ಉತ್ತರಕ್ಕೂ ಕತ್ತಿ ಅದ್ದಿ ನೋಡಬೇಕು

ಕಳೆದ ವರ್ಷ ಜೂನ್ ಮೊದಲ ವಾರ. ನಮ್ಮ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಹೊತ್ತು. ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಬೋರ್ಡೋ ಬೀಳದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ, ವರ್ಷದ ದುಡಿಮೆ ಮರದ ಬುಡ ಸೇರುತ್ತದೆ. ತೀರ್ಥಹಳ್ಳಿ ಕಡೆ ಹುಟ್ಟಿದ ಯಾವ ಮಗುವಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆ ದಿನ ಕೊನೆಗಾರರು ಬಂದಿದ್ದರು, ದ್ರಾವಣ ಕಲಸುವ ಆಳು ಬಂದಿರಲಿಲ್ಲ. ಅಪ್ಪನಿಗೆ ಬೆನ್ನು ನೋವು. ‘ಪುಟ್ಟಿ, ನೀನೇ ಕಲಸು. ನಾನು ಕೂತು ಹೇಳ್ತೀನಿ’ ಎಂದರು.

ಬಿ.ಕಾಂ. ಮುಗಿಸಿ ವರ್ಷವಾಗಿ, ಕೆಲಸ ಹುಡುಕುತ್ತಾ ಮನೆಯಲ್ಲೇ ಇದ್ದ ನನಗೆ ಜಾಣತನ ತೋರಿಸಲು ಒಂದು ಅವಕಾಶ ಸಿಕ್ಕಿತು. ‘ಎಐ ಹತ್ರ ಕೇಳಿದ್ರೆ ಎಲ್ಲಾ ಹೇಳುತ್ತೆ ಅಪ್ಪ’ ಎಂದು ಮೊಬೈಲ್ ತೆಗೆದೆ. ಅರೆಕ್ಷಣದಲ್ಲಿ ಉತ್ತರ ಬಂತು. ಶುದ್ಧ ಕನ್ನಡ, ಒಂದರ ಕೆಳಗೊಂದು ಹಂತಗಳು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಲೆಕ್ಕ ಸರಿಯಾಗಿಯೇ ಇತ್ತು. ಮುಂದಿನ ಸಾಲಿನಲ್ಲಿ, ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಚೆನ್ನಾಗಿ ಕಲಸಿ ಎಂದಿತ್ತು.

ನಾನು ಗಟ್ಟಿಯಾಗಿ ಓದಿದೆ. ಅಪ್ಪ ನಕ್ಕರು. ‘ಹಂಗೆ ಮಾಡಿದ್ರೆ ಒಡೆದ ಹಾಲಿನಂಗೆ ಆಗಿ ತಳಕ್ಕೆ ಕೂರುತ್ತೆ, ಅಷ್ಟೆ’ ಎಂದರು. ಅವರು ಹೇಳಿದಂತೆ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಬೇರೆ, ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಬೇರೆ ಕರಗಿಸಿದೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿದೆ. ಆಕಾಶ ನೀಲಿ ಬಣ್ಣ ಬಂತು. ಮುಗಿಯಿತು ಎಂದುಕೊಂಡೆ.

‘ಕತ್ತಿ ತಾ’ ಎಂದರು ಅಪ್ಪ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಅಲಗಿನ ಮೇಲೆ ಕೆಂಪು ಕೆಂಪಗೆ ಏನೋ ಹತ್ತಿತ್ತು. ‘ನೋಡು, ತಾಮ್ರ. ಸುಣ್ಣ ಸಾಲಲಿಲ್ಲ. ಹಿಂಗೇ ಹೊಡೆದ್ರೆ ಎಳೆ ಕಾಯಿ ಸುಟ್ಟು ಹೋಗುತ್ತೆ.’ ನಮ್ಮ ಸುಣ್ಣ ಹಳೆಯದು, ಅದರ ಶಕ್ತಿ ಕುಂದಿತ್ತು. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ಕತ್ತಿ ಅದ್ದಿದೆವು. ಈ ಸಲ ಅಲಗು ಹೊಳೆಯುತ್ತಲೇ ಹೊರಬಂತು. ಆ ಮೇಲೆಯೇ ಕೊನೆಗಾರರು ಮರ ಹತ್ತಿದ್ದು. ನನ್ನ ಮೊಬೈಲಿನ ಉತ್ತರದಲ್ಲಿ ಕತ್ತಿಯ ಮಾತೇ ಇರಲಿಲ್ಲ.

ಈ ಪಾಠವನ್ನು ನಾನು ಅಂದೇ ಕಲಿತಿದ್ದರೆ ಚೆನ್ನಾಗಿತ್ತು. ಕಲಿಯಲಿಲ್ಲ.

ಎರಡು ವಾರ ಕಳೆದು ಶಿವಮೊಗ್ಗದ ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂತು. ಲೆಕ್ಕಪತ್ರ ವಿಭಾಗದಲ್ಲಿ ಒಂದು ಸಣ್ಣ ಹುದ್ದೆ. ನನ್ನ ರೆಸ್ಯೂಮೆ, ಅದರ ಜೊತೆಗಿನ ಪತ್ರ ಎರಡನ್ನೂ ಎಐ ಬರೆದುಕೊಟ್ಟಿತ್ತು. ಓದಿದಾಗ ನನ್ನ ಬಗ್ಗೆ ನನಗೇ ಗೌರವ ಹುಟ್ಟುವಂತಹ ಇಂಗ್ಲಿಷ್. ಎದುರಿಗೆ ಕೂತ ಮೇಡಂ ಪತ್ರದ ಒಂದು ಸಾಲಿನ ಮೇಲೆ ಪೆನ್ನಿಟ್ಟು, ‘ರಿಕನ್ಸಿಲಿಯೇಶನ್ ಪ್ರಕ್ರಿಯೆಯನ್ನು ಸುಧಾರಿಸಿದ ಅನುಭವ ಇದೆ ಅಂತ ಬರೆದಿದ್ದೀರಿ. ಏನು ಸುಧಾರಿಸಿದಿರಿ, ಹೇಳಿ’ ಎಂದರು. ಕಾಲೇಜಿನಲ್ಲಿ ಬ್ಯಾಂಕ್ ರಿಕನ್ಸಿಲಿಯೇಶನ್ ಲೆಕ್ಕ ಮಾಡಿದ್ದೆ, ನಿಜ. ಆದರೆ ನಾನು ಸುಧಾರಿಸಿದ್ದು ಏನೂ ಇರಲಿಲ್ಲ. ನನ್ನದೇ ಹೆಸರಿನ ಪತ್ರದಲ್ಲಿ ನನಗೆ ಗೊತ್ತಿಲ್ಲದ ನಾನೊಬ್ಬಳು ಇದ್ದಳು. ನಾನು ತಡವರಿಸಿದೆ. ಅವರು ಬೇಸರದಿಂದಲ್ಲ, ಮೆದುವಾಗಿಯೇ ಹೇಳಿದರು: ‘ಇವತ್ತು ಬಂದ ಪತ್ರಗಳಲ್ಲಿ ಮೂರು ಒಂದೇ ಥರ ಶುರುವಾಗ್ತವೆ.’ ಕೆಲಸ ಸಿಗಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಮೊದಲು ಸಿಟ್ಟು ಬಂದದ್ದು ಎಐ ಮೇಲೆ. ಮಂಡಗದ್ದೆ ದಾಟುವ ಹೊತ್ತಿಗೆ ಸಿಟ್ಟು ನನ್ನ ಮೇಲೆ ತಿರುಗಿತ್ತು. ತೋಟದಲ್ಲಿ ಅದು ತಪ್ಪು ಹೇಳಿದಾಗ ನಮಗೆ ನಷ್ಟವಾಗಲಿಲ್ಲ, ಏಕೆಂದರೆ ಪಕ್ಕದಲ್ಲಿ ವಿಷಯ ತಿಳಿದ ಒಬ್ಬರಿದ್ದರು. ಸಂದರ್ಶನದ ಪತ್ರವನ್ನು ಪರೀಕ್ಷಿಸಬೇಕಾಗಿದ್ದವಳು ನಾನು. ನಾನು ಅದನ್ನು ಪೂರ್ತಿ ಓದಿಯೂ ಇರಲಿಲ್ಲ.

ಆ ಮೇಲೆಯೇ ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಕೂತೆ. ನನಗೆ ಅರ್ಥವಾದದ್ದು ಸರಳ. ಇಂತಹ ಎಐ ಅಪಾರ ಬರಹಗಳನ್ನು ಅರೆದು ಕುಡಿದು, ಒಂದು ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ಹಾಗಾಗಿ ಅದರ ಉತ್ತರ ಸರಿಯಿರಲಿ, ತಪ್ಪಿರಲಿ, ಭಾಷೆ ಮಾತ್ರ ಒಂದೇ ರೀತಿ ನಯವಾಗಿರುತ್ತದೆ. ಗೊತ್ತಿಲ್ಲದ ಮನುಷ್ಯ ಮಾತನಾಡುವಾಗ ತಡವರಿಸುತ್ತಾನೆ, ನಮಗೆ ಅನುಮಾನ ಬರುತ್ತದೆ. ಇದು ತಡವರಿಸುವುದಿಲ್ಲ. ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಆದರೆ ಅಂತರ್ಜಾಲದಲ್ಲಿರುವ ಕನ್ನಡ ಬರಹ ಇಂಗ್ಲಿಷ್‌ನ ಮುಂದೆ ತೀರಾ ಕಡಿಮೆ. ನಮ್ಮಪ್ಪನಂಥವರ ತಿಳಿವಳಿಕೆಯಂತೂ ಹೆಚ್ಚಿನಂಶ ಎಲ್ಲಿಯೂ ಬರಹಕ್ಕೆ ಇಳಿದೇ ಇಲ್ಲ.

ಬರೀ ಹಳ್ಳಿಯವರು, ನಿರುದ್ಯೋಗಿಗಳು ಬೇಸ್ತು ಬೀಳುತ್ತಾರೆ ಎಂದುಕೊಳ್ಳಬೇಡಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಮರುವರ್ಷವೇ ನ್ಯೂಯಾರ್ಕಿನ ನ್ಯಾಯಾಲಯವೊಂದು ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಅವರು ಸಲ್ಲಿಸಿದ ವಾದದಲ್ಲಿ ಹೆಸರಿಸಿದ್ದ ಹಳೆಯ ತೀರ್ಪುಗಳಲ್ಲಿ ಕೆಲವು ಇರಲೇ ಇಲ್ಲ, ಎಐ ಹುಟ್ಟಿಸಿದ್ದವು. ತೀರ್ಪು ನಿಜವೇ ಎಂದು ನೋಡುವುದು ವಕೀಲರ ವೃತ್ತಿಯ ಮೊದಲ ಪಾಠ. ಅವರೂ ಕತ್ತಿ ಅದ್ದಿ ನೋಡಿರಲಿಲ್ಲ.

ಹಾಗಾದರೆ ಎಐ ಮುಟ್ಟಲೇಬಾರದೇ? ನನ್ನ ಕೆಲವು ಉಪನ್ಯಾಸಕರು ಹಾಗೆಯೇ ಹೇಳುತ್ತಾರೆ. ಆದರೆ ಮುಟ್ಟದೆ ಇರುವುದು ಈಗ ನಮ್ಮ ಕೈಯಲ್ಲಿಲ್ಲ. ಕೀಬೋರ್ಡ್ ಮುಂದಿನ ಪದ ಸೂಚಿಸುವುದು, ಗ್ಯಾಲರಿ ಅಮ್ಮನ ಫೋಟೊಗಳನ್ನೆಲ್ಲ ಒಟ್ಟು ಮಾಡಿ ಕೊಡುವುದು, ಯೂಟ್ಯೂಬ್ ಒಂದಾದ ಮೇಲೊಂದು ವಿಡಿಯೊ ಮುಂದಿಡುವುದು, ನಮ್ಮ ರೆಸ್ಯೂಮೆಗಳನ್ನು ಕೆಲವು ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಜರಡಿ ಹಿಡಿಯುವುದು, ಇವೆಲ್ಲದರ ಹಿಂದೆ ಇರುವುದು ಅದೇ. ಬೇಡವೆಂದರೂ ಅದು ನಮ್ಮನ್ನು ಮುಟ್ಟುತ್ತಿರುವಾಗ, ತಿಳಿದು ಬಳಸುವುದೇ ಮೇಲು.

ಇನ್ನೊಂದು ಮಾತು ನನ್ನ ಗೆಳತಿಯರದು: ‘ಎಲ್ಲಾ ಎಐ ಮಾಡೋದಾದ್ರೆ ನಾವು ಇಷ್ಟು ಓದಿದ್ದು ಯಾಕೆ?’ ಈ ಭಯ ನನಗೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಬಿಲ್ ನಮೂದಿಸುವಂತಹ ಶುರುವಿನ ಕೆಲಸಗಳು ಯಂತ್ರದ ಪಾಲಾಗುತ್ತಿರುವುದು ಸುಳ್ಳಲ್ಲ. ನನ್ನಂಥವರು ಕಾಲಿಡಬೇಕಾದ ಮೊದಲ ಮೆಟ್ಟಿಲು ಅದು. ಆದರೆ ಒಂದು ದಿನದ ಅನುಭವ ನನಗೆ ಸ್ವಲ್ಪ ಧೈರ್ಯ ಕೊಟ್ಟಿತು. ಸವಕಳಿಯ ಒಂದು ಲೆಕ್ಕವನ್ನು ಎಐಗೆ ಕೊಟ್ಟೆ. 1 ಲಕ್ಷ ರೂಪಾಯಿಯ ಯಂತ್ರ, ಕೊಂಡದ್ದು ಅಕ್ಟೋಬರ್ 1ಕ್ಕೆ, ಸವಕಳಿ ವರ್ಷಕ್ಕೆ ಶೇ 10, ಖಾತೆ ಮುಗಿಯುವುದು ಮಾರ್ಚ್ 31ಕ್ಕೆ. ಮೊದಲ ವರ್ಷ 10,000 ರೂಪಾಯಿ ಎಂದು ಅಂದವಾದ ಕೋಷ್ಟಕ ಹಾಕಿಕೊಟ್ಟಿತು. ಕಣ್ಣಿಗೆ ಬಿದ್ದ ಕೂಡಲೇ ಚುಚ್ಚಿತು. ಆರು ತಿಂಗಳಿಗೆ 5,000 ಅಲ್ಲವೇ? ಪಿಯುಸಿಯಲ್ಲಿ ಮೇಷ್ಟ್ರು ‘ಮೊದಲು ತಾರೀಖು ನೋಡಿ’ ಎಂದು ಬೋರ್ಡಿಗೆ ಡಸ್ಟರ್ ಬಡಿದು ಹೇಳುತ್ತಿದ್ದದ್ದು ನೆನಪಾಯಿತು. ಓದಿದ್ದು ಯಾಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅದು. ನಾವು ಕಲಿತ ವಿಷಯವೇ ನಮ್ಮ ಕತ್ತಿ. ಅದು ತುಕ್ಕು ಹಿಡಿದಿದ್ದರೆ ದ್ರಾವಣದ ತಪ್ಪು ಕಾಣುವುದೇ ಇಲ್ಲ.

ಆದ್ದರಿಂದಲೇ ‘ಎಐ ಇದೆಯಲ್ಲ, ಕಲಿಯೋದ್ಯಾಕೆ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಸೈನ್‌ಮೆಂಟ್ ಬರೆಸಿಕೊಂಡು ಪಾಸಾದರೆ ಅಂಕ ಸಿಗಬಹುದು. ಆದರೆ ಮುಂದೆ ಅದೇ ಎಐ ತಪ್ಪು ಹೇಳಿದಾಗ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡಿರುತ್ತೇವೆ.

ಗೆಳೆಯರೇ, ಈಗ ನಾನು ಪಾಲಿಸುತ್ತಿರುವುದು ಮೂರೇ ನಿಯಮ. ಮೊದಲು ನನಗೆ ತಿಳಿದಷ್ಟನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ, ಎಐಯನ್ನು ಕೇಳುವುದು ಆಮೇಲೆ. ಹಣ, ಆರೋಗ್ಯ, ಕಾನೂನು, ತೋಟದ ಔಷಧಿ ಇಂಥವುಗಳಲ್ಲಿ ಅದು ಹೇಳಿದ್ದನ್ನು ಪುಸ್ತಕದಲ್ಲೋ, ಸರ್ಕಾರಿ ಜಾಲತಾಣದಲ್ಲೋ, ಬಲ್ಲವರ ಬಳಿಯೋ ಕೇಳದೆ ನಂಬುವುದಿಲ್ಲ. ಎದುರು ಕೂತವರಿಗೆ ನನ್ನ ಬಾಯಿಂದ ವಿವರಿಸಲಾಗದ ಒಂದು ಸಾಲನ್ನೂ ನನ್ನ ಹೆಸರಿನಲ್ಲಿ ಕಳಿಸುವುದಿಲ್ಲ. ಎಐ ಬಗ್ಗೆ ಕಲಿಯಲು ದುಡ್ಡು ಸುರಿಯಬೇಕಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಪಾಠಗಳನ್ನು ಉಚಿತವಾಗಿ ಕೇಳಬಹುದು, ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷೆಗೆ ಶುಲ್ಕ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ‘ಎಲಿಮೆಂಟ್ಸ್ ಆಫ್ ಎಐ’ ಎಂಬ ಕೋರ್ಸ್ ಕೂಡ ಉಚಿತ, ಅದಕ್ಕೆ ಕೋಡಿಂಗ್ ಬರಬೇಕೆಂದಿಲ್ಲ.

ಕೆಲಸದ ಹುಡುಕಾಟ ಇನ್ನೂ ಮುಗಿದಿಲ್ಲ. ಹೊಸ ರೆಸ್ಯೂಮೆ ಒಂದೇ ಪುಟದ್ದು, ನಾನೇ ಬರೆದದ್ದು. ವ್ಯಾಕರಣ ತಿದ್ದಲು ಮಾತ್ರ ಎಐ ಸಹಾಯ ಪಡೆದೆ, ಅದು ಸೇರಿಸಲು ಹೊರಟ ಎರಡು ‘ಅನುಭವ’ಗಳನ್ನು ಅಳಿಸಿ ಹಾಕಿದೆ. ಮೊನ್ನೆ ಅಪ್ಪ ತಾವಾಗಿಯೇ, ‘ಈ ಸಲದ ಮಳೆ ಬಗ್ಗೆ ಎಂತ ಹೇಳ್ತದೆ ನಿನ್ನ ಎಐ?’ ಎಂದು ಕೇಳಿದರು. ಕೇಳಿ ಹೇಳಿದೆ. ಅವರು ತಲೆಯಾಡಿಸಿ, ಅಂಗಳಕ್ಕಿಳಿದು ಒಮ್ಮೆ ಆಕಾಶ ನೋಡಿದರು.